ಜಾಸ್ತಿ ಇದ್ದರೆ ಮುಂದಿನ ಭಾನುವಾರ

ನನ್ನ ಅವ್ವ ನನಗೆ ಹದಿನಾಲ್ಕು ತಿಂಗಳು ಮೋಸ ಮಾಡಿದಳು. ಹೀಗೆ ಹೇಳಿದರೆ ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ಹೆತ್ತವಳ ಬಗ್ಗೆ ಅಂಥ ಮಾತು ಆಡಬಾರದೆಂದು ನನಗೇ ಬುದ್ಧಿ ಹೇಳುತ್ತಾರೆ. ಅವರಿಗೇನು, ಅವರ ಅವ್ವಂದಿರು ಅವರ ಕಣ್ಣಿಗೆ ಮಣ್ಣೆರಚಿರುವುದಿಲ್ಲ. ಅವಳು ಬದುಕಿದ್ದಾಗಲೂ ಆ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ಅವಳು ಹೋಗಿ ಇಷ್ಟು ವರ್ಷವಾದ ಮೇಲೂ ತೆಗೆದುಕೊಂಡಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು ಇದು. ಚಾಮರಾಜನಗರ ಇನ್ನೂ ಮೈಸೂರು ಜಿಲ್ಲೆಯಲ್ಲೇ ಇತ್ತು. ನಾನು ಗುಂಡ್ಲುಪೇಟೆಯ ಒಂದು ಆಸ್ಪತ್ರೆಯಲ್ಲಿ ನರ್ಸು. ವಯಸ್ಸು ಮೂವತ್ತಮೂರು, ಮದುವೆ ಆಗಿರಲಿಲ್ಲ. ಅದು ಬೇರೆ ಕಥೆ, ಇಲ್ಲಿ ಬೇಡ. ಹೆದ್ದಾರಿಗೆ ಹತ್ತಿರದ ಓಣಿಯೊಂದರಲ್ಲಿ ಬಾಡಿಗೆ ಕೋಣೆ. ಕಿಟಕಿ ತೆಗೆದರೆ ಕೇರಳಕ್ಕೆ ಹೊರಟ ಲಾರಿಗಳ ಹೊಗೆ, ಮುಚ್ಚಿದರೆ ಸೆಕೆ. ಅವ್ವ ಇದ್ದದ್ದು ಹರದನಹಳ್ಳಿಯಲ್ಲಿ, ಅಣ್ಣ ಅತ್ತಿಗೆಯ ಜೊತೆ. ಅಣ್ಣ ಚಾಮರಾಜನಗರದ ಕಚೇರಿಯೊಂದರಲ್ಲಿ ಗುಮಾಸ್ತ. ಬೆಳಿಗ್ಗೆ ಮೊಪೆಡ್ ಹತ್ತಿ ಹೋದರೆ ಸಂಜೆಯೇ ಬರುವುದು. ಇದ್ದ ತುಂಡು ಹೊಲವನ್ನು ನೋಡಿಕೊಳ್ಳುತ್ತಿದ್ದವಳು ಅತ್ತಿಗೆ. ಅಪ್ಪ ನಾನು ನರ್ಸಿಂಗ್ ಓದುತ್ತಿರುವಾಗಲೇ ಹೊಲದ ಬದುವಿನ ಮೇಲೆ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಅವನ ರಕ್ತದೊತ್ತಡವನ್ನು ಯಾರೂ ಯಾವತ್ತೂ ನೋಡಿರಲಿಲ್ಲ. ಕೆಲಸಕ್ಕೆ ಸೇರಿ ಎಷ್ಟೋ ವರ್ಷದ ಮೇಲೆ, ಕೈಯಲ್ಲಿ ನಾಲ್ಕು ಕಾಸು ಉಳಿದಾಗ, ನಾನು ಮೈಸೂರಿನಿಂದ ತರಿಸಿಕೊಂಡ ಮೊದಲ ಸ್ವಂತ ವಸ್ತು ಬಿ.ಪಿ. ನೋಡುವ ಪೆಟ್ಟಿಗೆ. ಬೇರೆ ಹುಡುಗಿಯರು ಕಿವಿಗೆ ಓಲೆ ಮಾಡಿಸಿಕೊಂಡರು, ನಾನು ಪಾದರಸದ ಕೊಳವೆ ಕೊಂಡುಕೊಂಡೆ.

ನಮ್ಮ ಮನೆಯಲ್ಲಿ ಮೈ ಮುಟ್ಟಿ ಮಾತಾಡಿಸುವ ರೂಢಿ ಇರಲಿಲ್ಲ. ಮಕ್ಕಳಿಗೆ ಹೆತ್ತವರ ಕಣ್ಣೇ ಬೇಗ ತಾಗುತ್ತದೆ ಎಂದು ಅವ್ವ ನಂಬಿದ್ದಳು. ನಾನು ಉಣ್ಣುವಾಗ ಅವಳು ನನ್ನ ಕಡೆ ನೋಡುತ್ತಿರಲಿಲ್ಲ, ಒಲೆಯ ಕಡೆ ತಿರುಗಿ ಕೂತು ಶಬ್ದದ ಮೇಲೇ ಮುದ್ದೆ ಮುಗಿಯಿತೆಂದು ತಿಳಿದುಕೊಂಡು ಇನ್ನೊಂದು ಅರ್ಧ ಇಡುತ್ತಿದ್ದಳು. ನಾನು ಎಷ್ಟೇ ಮೈ ತುಂಬಿಕೊಂಡು ಊರಿಗೆ ಹೋದರೂ ಬಾಗಿಲಲ್ಲಿ ಅವಳ ಮೊದಲ ಮಾತು ಒಂದೇ, ಸೊರಗೋಗಿದ್ದೀಯ ಕಣಮ್ಮಿ. ಚೆನ್ನಾಗಿದ್ದೀಯ ಎಂದು ಬಾಯಿ ತಪ್ಪಿಯೂ ಹೇಳಿದವಳಲ್ಲ. ನಾನು ಮೈನೆರೆದ ಮೇಲೆ ಅವಳು ಒಂದು ಸಲವಾದರೂ ನನ್ನ ತಲೆ ಸವರಿದ ನೆನಪು ನನಗಿಲ್ಲ. ಅದರ ಬದಲಿಗೆ ಅವಳಿಗೆ ಒಂದು ಜಾಡಿ ಇತ್ತು. ಮೊಣಕಾಲೆತ್ತರದ, ಕಂದು ಕತ್ತಿನ ಉಪ್ಪಿನಕಾಯಿ ಜಾಡಿ. ಮಾವಿನಕಾಯಿ ಕಾಲದಲ್ಲಿ ಅದನ್ನು ತುಂಬುತ್ತಿದ್ದಳು; ಅದರ ಜೊತೆಗೆ ಮಜ್ಜಿಗೆ ಮೆಣಸಿನಕಾಯಿ, ಸಂಡಿಗೆ. ನಾನು ಹೊರಡುವ ದಿನ ಅವಳು ಮಾತಿಲ್ಲದೆ ಕೂತು ಡಬ್ಬಿಗೆ ತುಂಬಿ, ಎಣ್ಣೆ ಸೋರದ ಹಾಗೆ ಬಾಯಿಗೆ ಬಟ್ಟೆ ಕಟ್ಟಿ ಕೊಡುವಳು. ನಾನು ಅದನ್ನು ಪ್ರೀತಿ ಎಂದುಕೊಳ್ಳಲಿಲ್ಲ. ಉಪ್ಪಿನಕಾಯಿ ಎಂದುಕೊಂಡೆ.

ಪೆಟ್ಟಿಗೆ ಬಂದ ಹೊಸದರಲ್ಲಿ ಊರಿಗೆ ಹೋದಾಗ ಮನೆಯವರಿಗೆಲ್ಲ ಕಟ್ಟಿ ನೋಡಿದೆ. ಅಣ್ಣನದು ಸರಿ ಇತ್ತು, ಅತ್ತಿಗೆಯದು ಸರಿ ಇತ್ತು. ಅವ್ವ ಬಳೆ ಹಿಂದಕ್ಕೆ ಸರಿಸಿ ತೋಳು ಚಾಚಿದಳು. ಪಾದರಸ ಇಳಿಯುತ್ತ ಇನ್ನೂ ನೂರ ತೊಂಬತ್ತರ ಹತ್ತಿರ, ಇರಬೇಕಾದ್ದಕ್ಕಿಂತ ಐವತ್ತು ಮೇಲೆ, ಇರುವಾಗಲೇ ನನ್ನ ಕಿವಿಗೆ ಡಬ್ ಎಂದು ಮೊದಲ ಬಡಿತ ಬಡಿಯಿತು. ಮತ್ತೆ ನೋಡಿದೆ, ಅದೇ. ನಗುನಗುತ್ತ ಶುರು ಮಾಡಿದ ಆಟ ಅಲ್ಲಿಗೆ ನಿಂತಿತು. ಬದುವಿನ ಮೇಲೆ ಕೂತ ಅಪ್ಪ ಕಣ್ಣ ಮುಂದೆ ಬಂದ. ಮಾರನೆಯ ದಿನವೇ ಅವಳನ್ನು ಗುಂಡ್ಲುಪೇಟೆಗೆ ಕರೆದುಕೊಂಡು ಹೋಗಿ ನಮ್ಮ ಡಾಕ್ಟರಿಗೆ ತೋರಿಸಿದೆ. ದಿನಕ್ಕೊಂದು ಬಿಳಿ ಮಾತ್ರೆ, ಉಪ್ಪು ಕಡಿಮೆ, ಉಪ್ಪಿನಕಾಯಿ ಬಂದ್. ಅವ್ವ ಎಲ್ಲಕ್ಕೂ ತಲೆಯಾಡಿಸಿದಳು. ಉಪ್ಪಿನಕಾಯಿ ತಿನ್ನಬಾರದು ಸರಿ, ಹಾಕಿಕೊಡಬಹುದಲ್ಲ ಎಂದು ಮಾತ್ರ ಬಸ್ಸಿನಲ್ಲಿ ಕೇಳಿದಳು. ಹಾಕುವಾಗ ರುಚಿ ನೋಡುತ್ತೀಯ, ಅದೂ ಬೇಡ ಎಂದೆ. ತೆರಕಣಾಂಬಿ ದಾಟುವವರೆಗೂ ಅವಳು ಕಿಟಕಿಯಿಂದ ಆಚೆ ನೋಡುತ್ತಿದ್ದಳು.

ನಮ್ಮ ಆಸ್ಪತ್ರೆಯಲ್ಲಿ ಒಂದು ಪದ್ಧತಿ ಇತ್ತು. ಬಿ.ಪಿ. ಹದದಲ್ಲಿದ್ದವರು ಒಂದು ತಿಂಗಳು ಬಿಟ್ಟು ಬರಬೇಕು, ಜಾಸ್ತಿ ಇದ್ದವರು ಮುಂದಿನ ವಾರವೇ ಬರಬೇಕು. ಚೀಟಿಯ ಹಿಂದೆ ಅದನ್ನು ಬರೆದು ಕೊಡುವುದೇ ನನ್ನ ಕೆಲಸ. ಅವ್ವನಿಗೂ ಅದೇ ಪದ್ಧತಿ ಮಾಡಿದೆ. ಒಂದೇ ವ್ಯತ್ಯಾಸ, ಬರುವವಳು ಅವಳಲ್ಲ, ನಾನು. ಸರಿ ಇದ್ದರೆ ಮುಂದಿನ ತಿಂಗಳು, ಜಾಸ್ತಿ ಇದ್ದರೆ ಮುಂದಿನ ಭಾನುವಾರ ಎಂದು ಅವಳಿಗೂ ಅತ್ತಿಗೆಗೂ ಬಿಡಿಸಿ ಹೇಳಿದೆ. ಎಷ್ಟು ಕ್ರಮವಾಗಿ ಏರ್ಪಾಡು ಮಾಡಿದೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮೊದಲ ಮೂರು ತಿಂಗಳು ಎಲ್ಲ ಸರಿಯಾಗಿತ್ತು. ನೂರ ಮೂವತ್ತು, ನೂರ ಇಪ್ಪತ್ತೆಂಟು. ನಾನು ತಿಂಗಳಿಗೊಮ್ಮೆ ಹೋಗಿ, ಅಂಕಿ ನೋಡಿ, ಮಾತ್ರೆ ಕೊಟ್ಟು, ಮಧ್ಯಾಹ್ನದ ಬಸ್ಸಿಗೇ ವಾಪಸ್ ಬರುತ್ತಿದ್ದೆ. ಆಮೇಲೆ ಒಂದು ಸಲ ಬಸ್ಸಿನವರ ಮುಷ್ಕರವಾಗಿ ನಾನು ಹೋಗುವುದು ಒಂದು ವಾರ ತಡವಾಯಿತು, ಅವ್ವನ ಮಾತ್ರೆ ಮುಗಿದಿತ್ತು. ಹೋಗಿ ನೋಡಿದರೆ ನೂರ ಎಪ್ಪತ್ತು. ಗಾಬರಿಯಾಗಿ ಅವತ್ತು ಅಲ್ಲೇ ಉಳಿದೆ, ಮುಂದಿನ ಭಾನುವಾರ ಮತ್ತೆ ಹೋದೆ. ಆ ಭಾನುವಾರವೂ ಜಾಸ್ತಿ. ಅದರ ಮುಂದಿನದೂ ಜಾಸ್ತಿ. ಅಲ್ಲಿಂದ ಅದು ಇಳಿಯಲೇ ಇಲ್ಲ. ಡಾಕ್ಟರು ದಿನಕ್ಕೊಂದಿದ್ದ ಮಾತ್ರೆಯನ್ನು ಎರಡು ಮಾಡಿದರು. ಆದರೂ ನೂರ ಅರವತ್ತೈದು, ನೂರ ಎಪ್ಪತ್ತೆರಡು.

ಹೀಗೆ ನಾನು ಪ್ರತಿ ಭಾನುವಾರದವಳಾದೆ. ಬೆಳಿಗ್ಗೆ ಚಾಮರಾಜನಗರದ ಬಸ್ಸು, ಅಲ್ಲಿಂದ ಹರದನಹಳ್ಳಿಗೆ ಇನ್ನೊಂದು. ತೊಡೆಯ ಮೇಲೆ ಪೆಟ್ಟಿಗೆ. ನಾನು ಕಾಲು ತೊಳೆದು ಒಳಗೆ ಬರುವಷ್ಟರಲ್ಲಿ ಅವ್ವ ಚಾಪೆ ಹಾಸಿ, ರವಿಕೆಯ ತೋಳು ಮೇಲೆತ್ತಿ ತಯಾರಾಗಿ ಕೂತಿರುತ್ತಿದ್ದಳು. ಅವಳ ತೋಳನ್ನು ನನ್ನ ಮಡಿಲಿಗೆ ತೆಗೆದುಕೊಂಡು, ಪಟ್ಟಿ ಸುತ್ತಿ, ಮೊಣಕೈ ಮಡಿಕೆಯಲ್ಲಿ ಬೆರಳಿಟ್ಟು ನಾಡಿ ಹುಡುಕುತ್ತಿದ್ದೆ. ಕಟ್ಟಿದ ಕೂಡಲೇ ನೋಡಬಾರದು, ಐದು ನಿಮಿಷ ಸುಮ್ಮನೆ ಕೂರಿಸಬೇಕು. ಆ ಐದು ನಿಮಿಷ ಅವಳು ಕಣ್ಣು ಮುಚ್ಚಿಕೊಂಡು ಊರಿನ ಸುದ್ದಿ ಹೇಳುತ್ತಿದ್ದಳು. ಮಾತಾಡಬೇಡ, ಅಂಕಿ ಏರುತ್ತದೆ ಎಂದು ನಾನು ಗದರುತ್ತಿದ್ದೆ. ಎರಡನೆಯ ಸಲ ನೋಡಿದಾಗ ಮೊದಲಿಗಿಂತ ಸ್ವಲ್ಪ ಇಳಿದಿರುತ್ತಿತ್ತು. ಮೂರನೆಯ ಸಲ ಇನ್ನೂ ಸ್ವಲ್ಪ. ನಾನು ಜಾಸ್ತಿ ಇದ್ದ ಮೊದಲ ಅಂಕಿಯನ್ನೇ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆ. ಇಳಿದದ್ದು ಯಾಕೆ ಎಂದು ಯೋಚಿಸಲಿಲ್ಲ.

ಯೋಚಿಸುವುದಕ್ಕೆ ದಾರಿ ಇರಲಿಲ್ಲ ಎಂದಲ್ಲ. ನಮ್ಮ ವಾರ್ಡಿನಲ್ಲಿ ನನಗಿಂತ ಹಿರಿಯ ಮಲಯಾಳಿ ನರ್ಸ್ ಒಬ್ಬರಿದ್ದರು, ಎಲ್ಲರೂ ಅವರನ್ನು ಚೇಚಿ, ಅಂದರೆ ಅಕ್ಕ, ಎನ್ನುತ್ತಿದ್ದೆವು. ಅವರು ಬಿ.ಪಿ. ನೋಡುವಾಗ ಒಂದು ಕೈಯಲ್ಲಿ ರೋಗಿಯ ಅಂಗೈ ಹಿಡಿದುಕೊಂಡು, ಎಪ್ಪತ್ತರ ಮುದುಕಿಯನ್ನೂ ಮೋಳೇ, ಮಗಳೇ, ಎಂದು ಕರೆದು, ಮನೆ ಮಠ ವಿಚಾರಿಸುವರು. ನಾನು ನೂರ ಐವತ್ತು ಬರೆದವರಿಗೆ ಅವರು ನೂರ ನಲವತ್ತು ಬರೆಯುತ್ತಿದ್ದರು. ಚೇಚಿಗೆ ಕಿವಿ ಮಂದವಾಗಿದೆ ಎಂದು ನಾನು ಒಂದು ದಿನ ಡಾಕ್ಟರ ಮುಂದೆಯೇ ಅಂದುಬಿಟ್ಟೆ. ಡಾಕ್ಟರು ತಾವೇ ಬಂದು ನೋಡಿದರು. ಚೇಚಿಯ ಅಂಕಿಯೇ ಸರಿ ಇತ್ತು. ಅವರು ಸಿಟ್ಟು ಮಾಡಿಕೊಳ್ಳಲಿಲ್ಲ, ನೀನು ಪಟ್ಟಿ ಮುಟ್ಟುತ್ತೀಯ, ಕೈ ಮುಟ್ಟುವುದಿಲ್ಲ ಎಂದರು ಅಷ್ಟೇ. ಕೆಲಸ ಬಿಟ್ಟು ಕೈ ಹಿಡಿದುಕೊಂಡು ಕೂತರೆ ಸಾಲು ಯಾವಾಗ ಕರಗುವುದು ಎಂದು ನಾನು ಒಳಗೊಳಗೇ ಗೊಣಗಿಕೊಂಡೆ.

ಅದೇ ದಿನಗಳಲ್ಲಿ ಕೇರಳ ಗಡಿಯ ಹತ್ತಿರದ ನಮ್ಮ ಮದ್ದೂರು ಕಡೆಯಿಂದ ಒಬ್ಬ ಹೆಂಗಸನ್ನು ಜೀಪಿನಲ್ಲಿ ಹಾಕಿಕೊಂಡು ಬಂದರು. ಅವ್ವನ ವಯಸ್ಸೇ. ಬಾಯಿ ಒಂದು ಕಡೆಗೆ ಎಳೆದಿತ್ತು, ಎಡಗೈ ಮಂಚದಿಂದ ಕೆಳಗೆ ಜೋತುಬಿದ್ದಿತ್ತು. ಬಿ.ಪಿ. ಇತ್ತು, ಮಾತ್ರೆ ಬಿಟ್ಟಿದ್ದಳು ಎಂದು ಮಗ ಹೇಳಿದ. ಆ ಕೈಯನ್ನು ಎತ್ತಿ ಮಂಚದ ಮೇಲಿಟ್ಟೆ. ಹರದನಹಳ್ಳಿಯಲ್ಲಿ ಯಾರೋ ನನ್ನ ಅವ್ವನನ್ನು ಇದೇ ಗತಿಗೆ ತಳ್ಳುತ್ತಿದ್ದಾರೆ ಎಂದು ನನಗೆ ಅವತ್ತು ಖಾತ್ರಿಯಾಯಿತು. ಯಾರು ಎಂಬುದೂ ಖಾತ್ರಿಯಾಯಿತು. ಆ ಮನೆಯಲ್ಲಿ ಅಡುಗೆ ಮಾಡುವವಳು ಅತ್ತಿಗೆ ಒಬ್ಬಳೇ.

ಮುಂದಿನ ಭಾನುವಾರ ಅತ್ತಿಗೆಯನ್ನು ಅಡುಗೆಮನೆಯಲ್ಲೇ ನಿಲ್ಲಿಸಿ ಕೇಳಿದೆ. ಸಾರಿಗೆ ಎಷ್ಟು ಉಪ್ಪು ಹಾಕುತ್ತೀಯ, ಅವ್ವ ಕೇಳಿದಾಗ ಕದ್ದು ಉಪ್ಪಿನಕಾಯಿ ಕೊಡುತ್ತೀಯಾ ಎಂದೆಲ್ಲ. ಅಣ್ಣ ನಡುವೆ ಬಾಯಿ ಹಾಕಿದ. ಈ ಮನೆಯಲ್ಲಿ ಒಂದು ವರ್ಷದಿಂದ ಎಲ್ಲರೂ ರೋಗಿಗಳ ಊಟ ಉಣ್ಣುತ್ತಿದ್ದೇವೆ, ನನ್ನ ತಟ್ಟೆಗೂ ಉಪ್ಪಿಲ್ಲ ಎಂದ. ಹೆಂಡತಿಯ ಪರ ವಕಾಲತ್ತು ಬೇಡ ಎಂದು ಅವನ ಬಾಯಿ ಮುಚ್ಚಿಸಿದೆ. ಅತ್ತಿಗೆ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. ಅವ್ವನ ಕಡೆ ಒಂದು ಸಲ ನೋಡಿದಳು. ಅವ್ವ ಬಾಗಿಲ ಹತ್ತಿರ ಕೂತು ಅವರೆಕಾಯಿ ಬಿಡಿಸುತ್ತಿದ್ದವಳು ತಲೆ ಎತ್ತಲಿಲ್ಲ. ನನ್ನನ್ನು ಅಮ್ಮಿ ಎಂದು ಕರೆಯುತ್ತಿದ್ದ ಅತ್ತಿಗೆ ಅವತ್ತಿನಿಂದ ಸಿಸ್ಟರಮ್ನೋರು ಎನ್ನತೊಡಗಿದಳು. ಕಾಫಿ ತಂದಿಟ್ಟು, ಕುಡೀರಿ ಸಿಸ್ಟರಮ್ನೋರೇ ಎಂದು ಹೇಳಿ ಹೋಗುವಳು. ಸಿಟ್ಟಾದರೆ ಆಗಲಿ, ಅವ್ವ ಉಳಿದರೆ ಸಾಕು ಎಂದುಕೊಂಡೆ.

ಆದರೂ ಅಂಕಿ ಇಳಿಯಲಿಲ್ಲ. ಒಂದು ಭಾನುವಾರ ಅವ್ವ ಹಿತ್ತಿಲಲ್ಲಿ ಸ್ನಾನಕ್ಕೆ ಕೂತಿದ್ದಳು, ಅತ್ತಿಗೆ ಹೊಲಕ್ಕೆ ಹೋಗಿದ್ದಳು. ಕಳ್ಳತನ ಹಿಡಿಯಲು ಇದೇ ಸಮಯ ಎಂದು ಸ್ಟೂಲು ಹತ್ತಿ ಅಟ್ಟದ ಮೇಲಿನ ಜಾಡಿ ಇಳಿಸಿದೆ. ಹಗುರವಾಗಿತ್ತು. ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಿ ಕೈ ಹಾಕಿದೆ. ಉಪ್ಪಿನಕಾಯಿ ಇರಲಿಲ್ಲ. ಮಾತ್ರೆಗಳಿದ್ದವು. ನಾನು ತಂದುಕೊಟ್ಟ ಬಿಳಿ ಮಾತ್ರೆಗಳು, ಮೂರು ಮೂರಾಗಿ ಆರು ಆರಾಗಿ ಕತ್ತರಿಸಿದ ಹಾಳೆಗಳಲ್ಲಿ, ಒಂದರ ಮೇಲೊಂದು. ತಳದ ಹಾಳೆಗಳು ಹಳೆಯ ಎಣ್ಣೆ ಹತ್ತಿ ಹಳದಿಯಾಗಿದ್ದವು. ಅವನ್ನೆಲ್ಲ ಚಾಪೆಯ ಮೇಲೆ ಸುರಿದು ನೋಡುತ್ತ ಕೂತೆ. 

ಅವ್ವ ಒದ್ದೆ ಕೂದಲಿಗೆ ಟವೆಲು ಸುತ್ತಿಕೊಂಡು ಬಂದಳು. ಚಾಪೆ ನೋಡಿದಳು, ನನ್ನನ್ನು ನೋಡಿದಳು. ಸುಳ್ಳು ಹೇಳುವ ಪ್ರಯತ್ನವನ್ನೂ ಮಾಡಲಿಲ್ಲ. ಗೋಡೆಗೊರಗಿ ಕೂತು ತಾನೇ ಹೇಳಿದಳು. ಭಾನುವಾರ ಸಂಜೆಯಿಂದ ಬುಧವಾರದವರೆಗೆ ನುಂಗುವುದು, ಗುರುವಾರದಿಂದ ನಿಲ್ಲಿಸುವುದು. ಮಾತ್ರೆ ಬಿಟ್ಟರೆ ಏರುತ್ತದೆ ಎಂದು ಬಸ್ ಮುಷ್ಕರದ ಸಲ ಅವಳಿಗೆ ಗೊತ್ತಾಗಿತ್ತಂತೆ; ಭಾನುವಾರಕ್ಕೆ ಸರಿಯಾಗಿ ಏರಲು ಮೂರು ದಿನ ಬಿಟ್ಟರೆ ಸಾಕು ಎಂದು ಆಮೇಲೆ ಮಾಡಿ ನೋಡಿ ತಿಳಿದುಕೊಂಡಳಂತೆ. ನಾಲ್ಕನೇ ಕ್ಲಾಸು ಓದಿದವಳು, ಡಾಕ್ಟರಿಗೂ ನನಗೂ ತಿಳಿಯದ ಲೆಕ್ಕವನ್ನು ಕಂಡುಹಿಡಿದಿದ್ದಳು.

ಯಾಕೆ ಎಂದು ಕೇಳಿದೆ.

"ಸರಿ ಅದೆ ಅಂದ್ರೆ ನೀನು ತಿಂಗ್ಳುಗಂಟ ಬರಾಕಿಲ್ಲ. ಜಾಸ್ತಿ ಅದೆ ಅಂದ್ರೆ ಎಂಟೇ ದಿಸಕ್ಕೆ ಬಂದು ಕೈ ಇಡ್ಕತೀಯ. ನಾನೇನ್ ಮಾಡ್ಲಿ ಏಳು."

ಈಗ ಆ ಮಾತು ನೆನೆದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಕೂತುಬಿಡುತ್ತೇನೆ. ಅವತ್ತು ಹಾಗಾಗಲಿಲ್ಲ. ಅವತ್ತು ನನಗೆ ಕಂಡದ್ದು ಒಂದೇ: ಇವಳು ನನ್ನನ್ನು ಕುಣಿಸಿದ್ದಾಳೆ. ಎಷ್ಟು ಭಾನುವಾರ ಆ ಬಸ್ಸಿನಲ್ಲಿ ಎದೆ ಹಿಡಿದುಕೊಂಡು ಬಂದಿದ್ದೆ, ಎಷ್ಟು ಸಲ ದೇವರಿಗೆ ಕೈ ಮುಗಿದಿದ್ದೆ, ಡಾಕ್ಟರ ಮುಂದೆ ನಿಂತು ಮಾತ್ರೆ ತಪ್ಪಿಸಿಲ್ಲ ಸಾರ್ ಎಂದು ಅವಳ ಪರ ಸಾಕ್ಷಿ ಹೇಳಿದ್ದೆ. ನನ್ನ ಕೆಲಸ, ನನ್ನ ಓದು, ನನ್ನ ಪೆಟ್ಟಿಗೆ, ಎಲ್ಲವನ್ನೂ ಇವಳು ಆಟದ ಸಾಮಾನು ಮಾಡಿಕೊಂಡಿದ್ದಳು. ಮದ್ದೂರಿನ ಆ ಹೆಂಗಸಿನ ಕೈ ಹೇಗೆ ಜೋತುಬಿದ್ದಿತ್ತೆಂದು ಹೇಳಿದೆ. ನೀನೂ ಹಾಗೆ ಬಿದ್ದಿದ್ದರೆ ಯಾರು ಎತ್ತುತ್ತಿದ್ದರು ಎಂದು ಕೇಳಿದೆ. ನೀನೇ ಬತ್ತಿದ್ದೆಯಲ್ಲ ಎಂದಳು ಅವ್ವ, ಮೆಲ್ಲಗೆ. ಆ ಮಾತಿಗೆ ನನ್ನ ತಾಳ್ಮೆ ಪೂರಾ ಹೋಯಿತು.

ಅತ್ತಿಗೆ ಹೊಲದಿಂದ ಬಂದಳು. ಬಾಗಿಲಲ್ಲೇ ನಿಂತು ಚಾಪೆಯ ಮೇಲಿದ್ದದ್ದನ್ನು ನೋಡಿದ ಅವಳ ಮುಖದಲ್ಲಿ ಆಶ್ಚರ್ಯ ಇರಲಿಲ್ಲ. ನಿನಗೂ ಗೊತ್ತಿತ್ತಾ ಎಂದೆ. ಯಾರಿಗೂ ಹೇಳಬಾರದೆಂದು ಅತ್ತೆ ಆಣೆ ಹಾಕಿಸಿಕೊಂಡಿದ್ದರು ಎಂದಳು. ಅತ್ತೆ ಮಾತ್ರೆ ಬಿಡುತ್ತಾರಲ್ಲ ಎಂಬ ಹೆದರಿಕೆಗೇ ತಾನು ಸಾರಿಗೆ ಉಪ್ಪು ತೋರಿಸುವುದನ್ನೇ ಬಿಟ್ಟಿದ್ದಳಂತೆ. ಅಂದರೆ ನಾನು ಉಪ್ಪಿನ ಆರೋಪ ಹೊರಿಸಿದಾಗ ಒಂದು ಮಾತು ಹೇಳಿದ್ದರೆ ಅವಳು ಗೆದ್ದುಬಿಡುತ್ತಿದ್ದಳು. ಹೇಳಲಿಲ್ಲ. ಅವ್ವನೂ ಬಾಯಿ ಬಿಡಲಿಲ್ಲ, ಸೊಸೆಯ ಮೇಲೆ ನಾನು ಕೂಗಾಡುವಾಗ ಅವರೆಕಾಯಿ ಬಿಡಿಸುತ್ತ ಕೂತಿದ್ದಳು. ಇಬ್ಬರೂ ಸೇರಿ ನನ್ನನ್ನು ಮೂರ್ಖಳನ್ನಾಗಿ ಮಾಡಿದ್ದರು.

"ಇನ್ಮೇಲೆ ನಾ ನಿನ್ನ ಕೈ ಮುಟ್ಟಾಕಿಲ್ಲ ಕಣವ್ವ," ಎಂದೆ. "ಜಾಸ್ತಿಯಾದ್ರೂ ಅಷ್ಟೆ, ಕಮ್ಮಿಯಾದ್ರೂ ಅಷ್ಟೆ."

ಪೆಟ್ಟಿಗೆ ಎತ್ತಿಕೊಂಡು ಊಟ ಮಾಡದೆ ಹೊರಟೆ. ಅವ್ವ ಏಳಲಿಲ್ಲ. ಡಬ್ಬಿ ಕಟ್ಟಿಕೊಡುವುದಕ್ಕೂ ಅವಳ ಹತ್ತಿರ ಏನೂ ಇರಲಿಲ್ಲ, ಅದನ್ನು ನಾನೇ ನಿಲ್ಲಿಸಿದ್ದೆ.

ಆರು ಭಾನುವಾರ ಹೋಗಲಿಲ್ಲ. ಮಾತ್ರೆಗಳನ್ನು ಬಸ್ಸಿನ ಕಂಡಕ್ಟರ ಕೈಯಲ್ಲಿ ಅಣ್ಣನಿಗೆ ಕಳಿಸಿದೆ, ಚೀಟಿಯಲ್ಲಿ ದಿನಕ್ಕೆ ಎಷ್ಟು ಎಂದು ಬರೆದೆ, ಹೇಗಿದ್ದೀರಿ ಎಂದು ಬರೆಯಲಿಲ್ಲ. ಮೊದಲೆರಡು ಭಾನುವಾರ ಬಟ್ಟೆ ಒಗೆದೆ, ನಿದ್ದೆ ಮಾಡಿದೆ, ಎಷ್ಟು ಆರಾಮ ಎಂದುಕೊಂಡೆ. ಮೂರನೆಯದರಿಂದ ಹಿಂದಲೆಯಲ್ಲಿ ನೋವು ಶುರುವಾಯಿತು. ಬೆಳಿಗ್ಗೆ ಏಳುವಾಗಲೇ ಕತ್ತು ಬಿಗಿದಿರುತ್ತಿತ್ತು. ಉಂಡದ್ದು ಎದೆಯಲ್ಲೇ ನಿಂತ ಹಾಗೆ. ಸೂಜಿ ಚುಚ್ಚುವಾಗ ಅತ್ತ ಮಗುವಿನ ತಾಯಿಗೆ ಬೈದೆ, ಕಸ ಗುಡಿಸುವವಳ ಮೇಲೆ ರೇಗಿದೆ. ಚೇಚಿ ಒಂದು ದಿನ ಹಣೆ ಮುಟ್ಟಿ ನೋಡಲು ಬಂದರು, ಕೈ ತಳ್ಳಿದೆ. ಎಲ್ಲದಕ್ಕೂ ಕಾರಣ ಅವ್ವನೇ ಎಂದು ನನಗೆ ಅನುಮಾನವೇ ಇರಲಿಲ್ಲ. ಅವಳು ನನಗೆ ಮೋಸ ಮಾಡಿದ್ದಾಳೆ, ಅದಕ್ಕೇ ತಲೆ ನೋಯುತ್ತಿದೆ.

ಏಳನೆಯ ಭಾನುವಾರ ಎದ್ದವಳು ಬಸ್ ನಿಲ್ದಾಣಕ್ಕೆ ಹೋದೆ. ಕ್ಷಮಿಸುವುದಕ್ಕೆ ಹೋದೆ ಎಂದರೆ ಸುಳ್ಳಾಗುತ್ತದೆ. ಅವಳು ಮತ್ತೆ ಮಾತ್ರೆ ಬಿಟ್ಟಿರುತ್ತಾಳೆ, ಅಂಕಿ ಏರಿರುತ್ತದೆ, ಅದನ್ನು ಅವಳ ಕಣ್ಣ ಮುಂದೆ ಹಿಡಿದು ಇನ್ನೊಂದು ಸಲ ಬೈಯಬಹುದು ಎಂಬ ಆಸೆಯೇ ಹೆಚ್ಚಿತ್ತು. ಅವಳ ಕೈ ಜೋತುಬಿದ್ದಿರಬಹುದೆಂಬ ಹೆದರಿಕೆಯೂ ಇತ್ತು. ಅದನ್ನು ನನಗೆ ನಾನೇ ಹೇಳಿಕೊಳ್ಳಲಿಲ್ಲ.

ಮನೆಯ ಬಾಗಿಲು ತೆರೆದಿತ್ತು. ನಡುಮನೆಯಲ್ಲಿ ಅದೇ ಚಾಪೆ. ಅವ್ವ ರವಿಕೆಯ ತೋಳು ಮೇಲೆತ್ತಿ ಕಣ್ಣು ಮುಚ್ಚಿಕೊಂಡು ಕೂತಿದ್ದಳು. ಅತ್ತಿಗೆ ಅವಳ ತೋಳನ್ನು ತನ್ನ ಮಡಿಲಿನಲ್ಲಿಟ್ಟುಕೊಂಡು ಹಳೆಯ ಟವೆಲಿನ ಪಟ್ಟಿಯೊಂದನ್ನು ಸುತ್ತುತ್ತಿದ್ದಳು. ಸುತ್ತಿ, ತುದಿ ಸಿಕ್ಕಿಸಿ, ಎರಡೂ ಕೈಯಿಂದ ಮೆಲ್ಲಗೆ ಒತ್ತಿದಳು, ಬಿಟ್ಟಳು, ಮತ್ತೆ ಒತ್ತಿದಳು. ಅವ್ವ ಯಾರದೋ ಮನೆಯ ಎಮ್ಮೆ ಈದ ಸುದ್ದಿ ಹೇಳುತ್ತಿದ್ದಳು. ಅತ್ತಿಗೆ ಅವಳನ್ನು ಗದರಲಿಲ್ಲ, ಕರು ಎಣ್ಣೋ ಗಂಡೋ ಎಂದು ಕೇಳಿದಳು. ಆಮೇಲೆ ಅವ್ವ ಕಣ್ಣು ತೆರೆದು ಎಷ್ಟದೆ ಎಂದು ಕೇಳಿದಳು.

"ನೂರಿಪ್ಪತ್ತು ಕಣತ್ತೆ. ಸಂದಾಕದೆ."

ಅವ್ವ ತಲೆಯಾಡಿಸಿ, ಪಕ್ಕದಲ್ಲಿದ್ದ ಮಾತ್ರೆಯನ್ನು ಬಾಯಿಗೆ ಹಾಕಿಕೊಂಡು ನೀರು ಕುಡಿದಳು. ನಾನು ನೋಡುತ್ತಿದ್ದಂತೆಯೇ ನುಂಗಿದಳು.

ಹೊಸಿಲಲ್ಲಿ ನಿಂತ ನನಗೆ ಜಾಡಿ ಬಿಚ್ಚಿದ ದಿನಕ್ಕಿಂತ ಹೆಚ್ಚು ನೋವಾಯಿತು. ಮಾತ್ರೆ ಬಚ್ಚಿಟ್ಟಾಗ ಅವಳಿಗೆ ನಾನು ಬೇಕಾಗಿತ್ತು. ಈಗ ನನ್ನ ಜಾಗಕ್ಕೆ ಒಂದು ತುಂಡು ಟವೆಲು ಸಾಕಾಗಿತ್ತು. ಅದೂ ನಾನು ಉಪ್ಪಿನ ಕಳ್ಳಿ ಎಂದವಳ ಕೈಯಲ್ಲಿ. ಅತ್ತಿಗೆ ನನ್ನನ್ನು ನೋಡಿ ಗಡಿಬಿಡಿಯಿಂದ ಪಟ್ಟಿ ಬಿಚ್ಚಲು ಹೋದಳು. ಅವ್ವ ಬಿಡಲಿಲ್ಲ, ಇರ್ಲಿ ಬುಡು ಎಂದಳು. ನನಗೆ ಸೊರಗೋಗಿದ್ದೀಯ ಎಂದು ಅವತ್ತು ಹೇಳಲಿಲ್ಲ.

ಚಾಪೆಯ ಮೇಲೆ ಕೂತು ಪೆಟ್ಟಿಗೆ ತೆಗೆದೆ. ಕೈ ಮುಟ್ಟುವುದಿಲ್ಲ ಎಂದವಳು ಕೈ ಮುಟ್ಟಿದೆ. ನಿಜವಾದ ಪಟ್ಟಿ ಕಟ್ಟಿ, ನಿಜವಾದ ಗಾಳಿ ಒತ್ತಿ, ಕಿವಿ ಕೊಟ್ಟು ಕೇಳಿದೆ. ನೂರ ಇಪ್ಪತ್ತಾರು. ಎರಡನೆಯ ಸಲ ನೂರ ಇಪ್ಪತ್ತನಾಲ್ಕು. ನನ್ನ ಪುಸ್ತಕದಲ್ಲಿ ಅಷ್ಟು ಒಳ್ಳೆಯ ಅಂಕಿ ಅದುವರೆಗೆ ಬಿದ್ದಿರಲಿಲ್ಲ. ಅಂಕಿ ನೋಡಿ ಸಂತೋಷವಾಗಬೇಕಾಗಿತ್ತು. ಬರೆದುಕೊಳ್ಳದೆ ಪುಸ್ತಕ ಮುಚ್ಚಿಟ್ಟೆ.

ನಾನು ಕೊಟ್ಟಾಗ ಯಾಕೆ ನುಂಗಲಿಲ್ಲ, ಇವಳು ಕೊಟ್ಟರೆ ಯಾಕೆ ನುಂಗುತ್ತೀಯ ಎಂದು ಕೇಳಿಯೇಬಿಟ್ಟೆ. ಚಿಕ್ಕ ಹುಡುಗಿಯ ಹಾಗೆ ಕೇಳಿದೆ, ದನಿ ಒಡೆದಿತ್ತು. ಅವ್ವ ನೀರಿನ ಲೋಟ ಪಕ್ಕಕ್ಕಿಟ್ಟಳು.

"ನಂದು ಎಷ್ಟಿದ್ರೂ ಅವ್ಳು ನಾಳೀಕೂ ಇರ್ತಾಳೆ ಕಣಮ್ಮಿ," ಎಂದಳು.

ಅದರಲ್ಲಿ ಸಿಟ್ಟಿರಲಿಲ್ಲ, ದೂರೂ ಇರಲಿಲ್ಲ. ಈ ಹೊಲಕ್ಕೆ ಯಾವ ಬೀಜ ಎಂದು ಹೇಳುವ ದನಿಯಲ್ಲೇ ಹೇಳಿದಳು. ನನಗೆ ತಡೆಯಲಾಗಲಿಲ್ಲ. ಪಟ್ಟಿ ಬಿಚ್ಚುತ್ತಿದ್ದ ಕೈ ಹಾಗೇ ನಿಂತು ಅಳು ಬಂತು. ಅತ್ತಿಗೆಯ ಮುಂದೆ ಅಳುವುದು ನಾಚಿಕೆ ಎನಿಸಿ ಇನ್ನೂ ಜಾಸ್ತಿ ಬಂತು. ಅತ್ತು ಮುಗಿಸಿ ತಲೆ ನೋಯುತ್ತಿದೆ ಎಂದೆ, ನಾಲ್ಕು ವಾರದಿಂದ ನೋಯುತ್ತಿದೆ ಎಂದೆ. ಬೇರೆ ಏನು ಹೇಳಬೇಕೆಂದು ನನಗೆ ತಿಳಿದಿರಲಿಲ್ಲ.

ಇವಳ್ದೂ ನೋಡು ಎಂದು ಅವ್ವ ಅತ್ತಿಗೆಗೆ ಹೇಳಿದಳು.

ಬೇಡ ಎಂದೆ. ಅವ್ವ ನನ್ನ ಮಣಿಕಟ್ಟು ಹಿಡಿದು ತೋಳನ್ನು ಎಳೆದು ಅತ್ತಿಗೆಯ ಮಡಿಲಿಗೆ ಹಾಕಿದಳು, ಹಿಡಿದ ಕೈ ಬಿಡಲಿಲ್ಲ. ಅವಳ ಅಂಗೈ ಒರಟಾಗಿತ್ತು, ಬೆಚ್ಚಗಿತ್ತು. ಸಾವಿರಾರು ತೋಳಿಗೆ ಪಟ್ಟಿ ಸುತ್ತಿದವಳು ನಾನು; ನನ್ನ ತೋಳಿಗೆ ಬೇರೆಯವರು ಸುತ್ತಿದ್ದು ಅದೇ ಮೊದಲು. ಅತ್ತಿಗೆಗೆ ತಿರುಗುಮುರುಗಾಗಿ ಕಟ್ಟುವುದೇ ಗೊತ್ತಿತ್ತು. ಹಾಗಲ್ಲ, ಹೀಗೆ ಎಂದು ತೋರಿಸಿದೆ. ಕಿವಿಗೆ ಕೊಳವೆ ಸಿಕ್ಕಿಸಿಕೊಂಡು, ರಬ್ಬರ್ ಬುರುಡೆ ಒತ್ತಿ ಒತ್ತಿ ಪಾದರಸ ಮೇಲಕ್ಕೆ ಏರಿಸಿ ಅವಳು ಬಹಳ ಗಂಭೀರವಾಗಿ ನೋಡುತ್ತ ಕೂತಳು. ಅದು ನಿಧಾನವಾಗಿ ಇಳಿಯಿತು. ಶಬ್ದ ಕೇಳುವುದು ಕೊಳವೆ ಹಾಕಿಕೊಂಡವರಿಗೆ ಮಾತ್ರ, ಹಾಗಾಗಿ ಅವಳಿಗೆ ಏನು ಕೇಳಿಸಿತೋ ಅವಳಿಗೇ ಗೊತ್ತು. ಅವಳು ಅವ್ವನ ಮುಖ ನೋಡಿದಳು. ಅವರೆಕಾಯಿ ಬಿಡಿಸುತ್ತಿದ್ದ ದಿನ ನೋಡಿದ ಹಾಗೆಯೇ.

"ನೂರರವತ್ತು ಕಣಮ್ಮಿ," ಎಂದಳು. ಎಷ್ಟೋ ತಿಂಗಳ ಮೇಲೆ ನಾನು ಅವಳಿಗೆ ಮತ್ತೆ ಅಮ್ಮಿ ಆಗಿದ್ದೆ.

ಅವ್ವ ತಲೆಯಾಡಿಸಿದಳು. ನನ್ನ ದನಿಯಲ್ಲೇ, ನಾನು ಎಷ್ಟೋ ಭಾನುವಾರ ಹೇಳಿದ್ದ ಹಾಗೆಯೇ ಹೇಳಿದಳು.

"ಜಾಸ್ತಿ ಅದೆ. ಬರೋ ಭಾನ್ವಾರ ಬಾ."

ಯಾವ ಶಬ್ದಕ್ಕೆ ಯಾವ ಅಂಕಿ ಹಿಡಿಯಬೇಕೆಂದು ನಾನು ಅತ್ತಿಗೆಗೆ ಹೇಳಿಕೊಟ್ಟೇ ಇರಲಿಲ್ಲ. ಟವೆಲಿಗೆ ನೂರಿಪ್ಪತ್ತು ಹೇಳಿದವಳು ಅವಳು. ಇಬ್ಬರೂ ಸೇರಿ ನನ್ನ ಕಣ್ಣ ಮುಂದೆಯೇ ಮತ್ತೊಂದು ಸಲ ಮೋಸ ಮಾಡುತ್ತಿದ್ದಾರೆ ಎಂದು ನನಗೆ ಚೆನ್ನಾಗಿ ಗೊತ್ತಾಯಿತು. ಪೆಟ್ಟಿಗೆ ಕೈಗೆಟುಕುವಷ್ಟು ಹತ್ತಿರ ಇತ್ತು. ಒಂದು ಕೈಯಿಂದ ನಾನೇ ಕಟ್ಟಿ ನೋಡಿಕೊಂಡಿದ್ದರೆ ಎರಡು ನಿಮಿಷದಲ್ಲಿ ನಿಜ ತಿಳಿಯುತ್ತಿತ್ತು. ಇನ್ನೊಂದು ಕೈಯನ್ನು ಅವ್ವ ಹಿಡಿದುಕೊಂಡಿದ್ದಳು.

ಮುಂದಿನ ಭಾನುವಾರ ಹೋದೆ.